ಸಾವಿರ ದನಿಗಳಿಗೆ ಒಂದು ಹೆಸರು

ಮೊದಲು ಒಂದು ಸಣ್ಣ ಕ್ವಿಜ್. ಚಿಕ್ಕವರಿದ್ದಾಗ ನಾವೆಲ್ಲ ಆಡಿದ ಯಾವುದಾದ್ರೂ ಒಂದು ಮಕ್ಕಳ ವಿಡಿಯೋ ಗೇಮ್ ನೆನಪು ಮಾಡಿಕೊಳ್ಳೋಣ. ಅದರಲ್ಲಿ ಮಾತಾಡೋ ಒಂದು ಪ್ರಾಣಿ ಇದ್ದೇ ಇರುತ್ತೆ. ಮೊಲವೋ, ಬಾತುಕೋಳಿಯೋ, ಕರಡಿಯೋ. ಅದು ನೆಗೆದಾಗ ಒಂದು ಸದ್ದು, ಬಿದ್ದಾಗ ಇನ್ನೊಂದು, ಗೆದ್ದಾಗ ಒಂದು ಕೇಕೆ. ಆ ದನಿ ಇವತ್ತಿಗೂ ನಮ್ಮ ಕಿವಿಯಲ್ಲಿ ಹಾಗೇ ಕೂತಿದೆ. ಸರಿ, ಆ ದನಿ ಕೊಟ್ಟವರ ಹೆಸರೇನು?

ಗೊತ್ತಿಲ್ಲ, ಅಲ್ವಾ? ನಮ್ಮ ಗ್ರಾಫಿಕ್ಸ್ ಕಾರ್ಡಿನ ಮಾಡೆಲ್ ನಂಬರ್ ನಮಗೆ ಬಾಯಿಪಾಠ. ಗೇಮ್ ಇಂಜಿನ್ ಯಾವುದು ಅಂತ ಕೇಳಿದ್ರೆ ಥಟ್ ಅಂತ ಹೇಳ್ತೀವಿ. ಆದರೆ ಆ ಪಾತ್ರಕ್ಕೆ ಜೀವ ತುಂಬಿದ ಮನುಷ್ಯನ ಹೆಸರು ಮಾತ್ರ ಗೊತ್ತಿರೋದಿಲ್ಲ. ಇದು ಇವತ್ತಿನ ಕಥೆಯಲ್ಲ. ಕಾರ್ಟೂನುಗಳು ಮಾತು ಕಲಿತ ದಿನದಿಂದಲೂ ಹೀಗೇ ನಡೆದುಬಂದಿದೆ. ತೆರೆಯ ಮೇಲೆ ದನಿ ಕೊಟ್ಟವರ ಹೆಸರು ಹಾಕುವ ಪದ್ಧತಿಯೇ ಇಲ್ಲದ ಕಾಲದಲ್ಲಿ ತನ್ನ ಹೆಸರು ಹಾಕಿಸಿಕೊಂಡ ಒಬ್ಬರಿದ್ದರು. ಅವರು ಮೆಲ್ ಬ್ಲಾಂಕ್. ಬಗ್ಸ್ ಬನ್ನಿ, ಡ್ಯಾಫಿ ಡಕ್, ಪೋರ್ಕಿ ಪಿಗ್, ಟ್ವೀಟಿ, ಸಿಲ್ವೆಸ್ಟರ್, ಯೊಸೆಮಿಟಿ ಸ್ಯಾಮ್, ಫ್ಲಿಂಟ್‌ಸ್ಟೋನ್ಸ್‌ನ ಬಾರ್ನಿ ರಬಲ್, ಎಲ್ಲರೂ ಒಬ್ಬರೇ. ಅಮೆರಿಕದ ಜನ ಅವರನ್ನು ಸಾವಿರ ದನಿಗಳ ಮನುಷ್ಯ ಅಂತ ಕರೆದರು.

ಗೇಮ್‌ಗಳು ಸರಿಯಾಗಿ ಮಾತಾಡಲು ಕಲಿಯುವ ಹೊತ್ತಿಗೆ ಬ್ಲಾಂಕ್ ಅವರು ತೀರಿಕೊಂಡಿದ್ದರು. ಆದರೂ ಇವತ್ತು ಮಕ್ಕಳ ಗೇಮ್‌ಗಳಿಗೆ ದನಿ ಕೊಡುವ ಪ್ರತಿಯೊಬ್ಬರೂ ಅವರು ತುಳಿದ ದಾರಿಯಲ್ಲೇ ನಡೀತಿದ್ದಾರೆ. ಹಾಗಾಗಿ ಈ ಸಲ ಅವರ ಕಥೆ.

ಒಂದು ಅಕ್ಷರದ ಸಿಟ್ಟು

1908ರ ಮೇ 30ರಂದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಯಹೂದಿ ಕುಟುಂಬದಲ್ಲಿ ಮೆಲ್ ಹುಟ್ಟಿದ. ಬೆಳೆದದ್ದು ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ. ಹುಡುಗನಿಗೆ ಓದಿನ ಕಡೆ ಅಷ್ಟಕ್ಕಷ್ಟೇ, ಕಿವಿ ಮಾತ್ರ ಬಹಳ ಚುರುಕು. ಆ ಕಾಲದ ಅಮೆರಿಕದ ಊರುಗಳಲ್ಲಿ ಒಂದೊಂದು ಬೀದಿಯಲ್ಲಿ ಒಂದೊಂದು ದೇಶದಿಂದ ಬಂದವರು ಇರುತ್ತಿದ್ದರು. ಒಬ್ಬೊಬ್ಬರ ಇಂಗ್ಲಿಷೂ ಒಂದೊಂದು ಥರ. ನಮ್ಮ ಹಾಸ್ಟೆಲ್‌ನಲ್ಲಿ ಬೀದರ್, ಮಂಗಳೂರು, ಧಾರವಾಡ, ಮೈಸೂರು ಕನ್ನಡಗಳು ಒಂದೇ ಮೆಸ್ ಟೇಬಲ್ ಮೇಲೆ ಸಿಗುವ ಹಾಗೆ ಅಂದುಕೊಳ್ಳಿ. ಮೆಲ್ ಅವರ ಮಾತಿನ ಧಾಟಿ ಕೇಳಿಸಿಕೊಂಡು, ಹಾಗೇ ಅನುಕರಿಸಿ, ಕ್ಲಾಸಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ. ಶಾಲೆಯ ಉದ್ದನೆಯ ಕಾರಿಡಾರ್‌ನಲ್ಲಿ ವಿಚಿತ್ರವಾಗಿ ನಕ್ಕು, ಆ ನಗು ಗೋಡೆಗಳಿಗೆ ಬಡಿದು ಮಾರ್ದನಿಸುವುದನ್ನು ಕೇಳೋದು ಅವನ ಇನ್ನೊಂದು ಆಟ. ಆ ನಗುವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಕೋರ್ಟ್ ಮೆಟ್ಟಿಲು ಹತ್ತುತ್ತೆ.

ಇದೆಲ್ಲ ಶಿಕ್ಷಕರಿಗೆ ಹಿಡಿಸಬೇಕಲ್ಲ? ಅವನ ಮನೆತನದ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ‘ಕೆ’ ಅಕ್ಷರದಿಂದ ಕೊನೆಯಾಗುತ್ತಿತ್ತು. ಅಂದ್ರೆ ಖಾಲಿ ಅಂತ ಅರ್ಥ. ಒಬ್ಬ ಶಿಕ್ಷಕಿ ಇದನ್ನೇ ಹಿಡಿದುಕೊಂಡು, ನಿನ್ನ ಹೆಸರಿನ ಹಾಗೆ ನಿನ್ನ ಬದುಕೂ ಖಾಲಿಯಾಗೇ ಉಳಿಯುತ್ತೆ ಅನ್ನೋ ಅರ್ಥದಲ್ಲಿ ಹಂಗಿಸಿದರಂತೆ. ಬ್ಲಾಂಕ್ ಅವರೇ ಮುಂದೆ ಹೇಳಿಕೊಂಡ ವಿಷಯ ಇದು. ಹದಿನಾರರ ವಯಸ್ಸಿಗೆ ಅವನು ಆ ‘ಕೆ’ ಕಿತ್ತುಹಾಕಿ ‘ಸಿ’ ಸೇರಿಸಿಕೊಂಡ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಉಚ್ಚಾರಣೆಯೂ ಒಂದೇ. ಆದರೆ ಕಾಗದದ ಮೇಲೆ ಆ ಒಂದು ಅಕ್ಷರ ಅವನಿಗೆ ಬಹಳ ದೊಡ್ಡದಾಗಿತ್ತು. ದನಿಯಲ್ಲಿ ಬದುಕಬೇಕಾಗಿದ್ದ ಮನುಷ್ಯ ಕಿವಿಗೆ ಕೇಳಿಸದ ಒಂದು ಬದಲಾವಣೆಯಿಂದ ಜೀವನ ಶುರು ಮಾಡಿದ ಅನ್ನೋದು ನಮಗೆ ತಮಾಷೆಯಾಗಿ ಕಾಣುತ್ತೆ.

ಹೈಸ್ಕೂಲ್ ಮುಗಿಸಲಿಲ್ಲ. ಟ್ಯೂಬಾ ನುಡಿಸಿದರು, ಹಾಡಿದರು, ವಾದ್ಯವೃಂದಗಳನ್ನು ನಡೆಸಿದರು. 1927ರಲ್ಲಿ ಪೋರ್ಟ್‌ಲೆಂಡ್‌ನ ಕೆಜಿಡಬ್ಲ್ಯು ರೇಡಿಯೋ ಸ್ಟೇಷನ್‌ನಲ್ಲಿ ‘ಹೂಟ್ ಔಲ್ಸ್’ ಅನ್ನೋ ಕಾರ್ಯಕ್ರಮದಲ್ಲಿ ಮೈಕ್ ಮುಂದೆ ನಿಂತಾಗ ಅವರಿಗೆ ಹತ್ತೊಂಬತ್ತು. ನಮ್ಮದೇ ವಯಸ್ಸು.

ಬಜೆಟ್ ಇಲ್ಲ, ದನಿ ಇದೆ

1933ರಲ್ಲಿ ಎಸ್ಟೆಲ್ ಅವರನ್ನು ಮದುವೆಯಾದರು. ಅದೇ ವರ್ಷ ಪೋರ್ಟ್‌ಲೆಂಡ್‌ನ ಕೆಇಎಕ್ಸ್ ಸ್ಟೇಷನ್‌ನಲ್ಲಿ ಗಂಡ ಹೆಂಡತಿ ಸೇರಿ ‘ಕಾಬ್‌ವೆಬ್ ಅಂಡ್ ನಟ್ಸ್’ ಅನ್ನೋ ಶೋ ಶುರು ಮಾಡಿದರು. ಸೋಮವಾರದಿಂದ ಶನಿವಾರದ ತನಕ, ರಾತ್ರಿ ಹನ್ನೊಂದರಿಂದ ಹನ್ನೆರಡು. ವಾರಕ್ಕೆ ಆರು ಗಂಟೆಯ ಕಾರ್ಯಕ್ರಮ, ಆದರೆ ಬೇರೆ ಕಲಾವಿದರನ್ನು ಕರೆಸಲು ಸ್ಟೇಷನ್‌ನವರು ಒಪ್ಪಲಿಲ್ಲ. ಏನ್ ಮಾಡೋದು? ಕಥೆಯಲ್ಲಿ ಮುದುಕ ಬಂದರೆ ಮೆಲ್ ಮುದುಕ, ಪೊಲೀಸ್ ಬಂದರೆ ಮೆಲ್ ಪೊಲೀಸ್, ನಾಯಿ ಬಂದರೂ ಮೆಲ್ಲೇ ನಾಯಿ. ಎರಡು ವರ್ಷ ಈ ಗಾಣದಲ್ಲಿ ಸುತ್ತಿದ ಮೇಲೆ ಅವರ ಗಂಟಲಿನಲ್ಲಿ ಒಂದು ಇಡೀ ಊರೇ ವಾಸವಾಗಿತ್ತು.

ನಮ್ಮ ಮಿನಿ ಪ್ರಾಜೆಕ್ಟ್‌ಗಳಲ್ಲೂ ಹೀಗೇ ಆಗುತ್ತಲ್ವಾ? ಕೊಡಬೇಕಾದ ಕಾಂಪೊನೆಂಟ್ ಕೊಡದೇ ಇದ್ದಾಗಲೇ ಇರೋದರಲ್ಲಿ ಕೆಲಸ ಸಾಗಿಸೋದು ಕಲೀತೀವಿ.

1935ರಲ್ಲಿ ದಂಪತಿ ಲಾಸ್ ಏಂಜಲೀಸ್‌ಗೆ ಹೋದರು. ರೇಡಿಯೋದಲ್ಲಿ ಕೆಲಸ ಸಿಕ್ಕಿತು. ಆದರೆ ಕಣ್ಣಿದ್ದದ್ದು ಲಿಯಾನ್ ಶ್ಲೆಸಿಂಗರ್ ಅವರ ಕಾರ್ಟೂನ್ ಸ್ಟುಡಿಯೋ ಮೇಲೆ. ವಾರ್ನರ್ ಬ್ರದರ್ಸ್‌ಗಾಗಿ ‘ಲೂನಿ ಟ್ಯೂನ್ಸ್’ ಮಾಡುತ್ತಿದ್ದ ಜಾಗ ಅದು. ಬಾಗಿಲು ತಟ್ಟಿದಾಗಲೆಲ್ಲ ನಮಗೆ ಬೇಕಾದಷ್ಟು ದನಿಗಳಿವೆ ಅನ್ನೋ ಉತ್ತರ. ಇವರು ಮತ್ತೆ ಮತ್ತೆ ಹೋದರು. ಕೊನೆಗೆ ಸೌಂಡ್ ಎಡಿಟರ್ ಟ್ರೆಗ್ ಬ್ರೌನ್ ಅವರು ಇವರನ್ನು ಕೇಳಿಸಿಕೊಂಡರು. ಸಿಕ್ಕ ಮೊದಲ ಪಾತ್ರ ಕುಡಿದು ತೂರಾಡುವ ಒಂದು ಗೂಳಿ. 1937ರ ‘ಪಿಕಡಾರ್ ಪೋರ್ಕಿ’ಯಲ್ಲಿ ಅದು ಬಂತು.

ಅದೇ ವರ್ಷ ದೊಡ್ಡ ಅವಕಾಶ ಬಂತು. ಪೋರ್ಕಿ ಪಿಗ್ ಅನ್ನೋ ತೊದಲುವ ಹಂದಿಗೆ ಆಗ ದನಿ ಕೊಡುತ್ತಿದ್ದವರು ಜೋ ಡಾಹರ್ಟಿ. ಅವರಿಗೆ ನಿಜವಾಗಿಯೂ ತೊದಲಿತ್ತು. ತೊದಲು ಅವರ ಹಿಡಿತದಲ್ಲಿ ಇರಲಿಲ್ಲವಾದ್ದರಿಂದ ರೆಕಾರ್ಡಿಂಗ್ ಉದ್ದವಾಗುತ್ತಿತ್ತು, ಫಿಲ್ಮ್ ಖರ್ಚಾಗುತ್ತಿತ್ತು. ಬ್ಲಾಂಕ್ ಅವರು ತೊದಲನ್ನು ತಾಳಕ್ಕೆ ಕೂರಿಸಿದರು. ಒಂದು ಪದಕ್ಕೆ ಒದ್ದಾಡಿ, ಅದನ್ನು ಬಿಟ್ಟು, ಬೇರೆ ಪದ ಹಿಡಿದು ವಾಕ್ಯ ಮುಗಿಸೋದು. ನಗು ಹುಟ್ಟಿದ್ದು ತೊದಲಿನಿಂದಲ್ಲ, ಹೇಗೋ ತಪ್ಪಿಸಿಕೊಳ್ಳುವ ಆ ಜಾಣತನದಿಂದ. ‘ಪೋರ್ಕೀಸ್ ಡಕ್ ಹಂಟ್’ ಅವರ ಮೊದಲ ಪೋರ್ಕಿ. ಡ್ಯಾಫಿ ಡಕ್ ಹುಟ್ಟಿದ್ದೂ ಅದೇ ಚಿತ್ರದಲ್ಲಿ, ಅದಕ್ಕೂ ದನಿ ಇವರದೇ.

ಒಂದು ಗಂಟಲು, ಹತ್ತಾರು ಪಾತ್ರ

ಇಲ್ಲಿ ಇಂಜಿನಿಯರಿಂಗ್ ಸ್ವಲ್ಪ ಬರುತ್ತೆ, ಸಹಿಸಿಕೊಳ್ಳಿ. ಕಾರ್ಟೂನಿನಲ್ಲಿ ಮೊದಲು ಚಿತ್ರ ಬರೆದು ಆಮೇಲೆ ದನಿ ಸೇರಿಸುತ್ತಾರೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೀವಿ. ವಾರ್ನರ್ ಸ್ಟುಡಿಯೋದಲ್ಲಿ ಉಲ್ಟಾ. ಮೊದಲು ದನಿ. ಆ ದನಿಯ ಒಂದೊಂದು ಅಕ್ಷರಕ್ಕೂ ಎಷ್ಟು ಫ್ರೇಮ್ ಅಂತ ಲೆಕ್ಕ ಹಾಕಿ, ಸೆಕೆಂಡಿಗೆ 24 ಫ್ರೇಮಿನ ಪ್ರಕಾರ, ಅದಕ್ಕೆ ತಕ್ಕಂತೆ ಬಾಯಿ ಬರೆಯುತ್ತಿದ್ದರು. ಅಂದ್ರೆ ಬಗ್ಸ್ ಬನ್ನಿ ಎಲ್ಲಿ ಹುಬ್ಬು ಹಾರಿಸಬೇಕು ಅನ್ನೋದನ್ನ ಒಂದು ರೀತಿಯಲ್ಲಿ ಬ್ಲಾಂಕ್ ಅವರ ಉಸಿರೇ ತೀರ್ಮಾನ ಮಾಡುತ್ತಿತ್ತು.

ಡ್ಯಾಫಿ, ಪೋರ್ಕಿ, ಟ್ವೀಟಿ ಇವರ ದನಿಗಳಲ್ಲಿ ಟ್ರೆಗ್ ಬ್ರೌನ್ ಅವರ ಒಂದು ಕೈಚಳಕವೂ ಇದೆ. ರೆಕಾರ್ಡ್ ಮಾಡಿದ್ದನ್ನು ಸ್ವಲ್ಪ ಜೋರಾದ ವೇಗದಲ್ಲಿ ನುಡಿಸಿದರೆ ಫ್ರೀಕ್ವೆನ್ಸಿ ಮೇಲೇರುತ್ತೆ, ದನಿ ಕೀಚಲಾಗುತ್ತೆ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು, ಟೈಮನ್ನು ಕುಗ್ಗಿಸಿದರೆ ಸ್ಪೆಕ್ಟ್ರಮ್ ಹಿಗ್ಗುತ್ತೆ. ಆದರೆ ಮಾತೂ ವೇಗವಾಗಿಬಿಡುತ್ತಲ್ಲ? ಅದಕ್ಕೆ ಬ್ಲಾಂಕ್ ಅವರು ಬೇಕೆಂದೇ ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ ಹೇಳಬೇಕಿತ್ತು. ಹಾಗೆ ನಿಧಾನ ಮಾಡುವಾಗಲೂ ಸಿಟ್ಟು, ಹುಡುಗಾಟ, ಹೊಟ್ಟೆಕಿಚ್ಚು ಎಲ್ಲ ಉಳಿಸಿಕೊಳ್ಳಬೇಕು. ಪಿಚ್ ಏರಿಸೋದು ಮೆಷಿನ್ ಕೆಲಸ. ಭಾವ ಇಳಿಯದಂತೆ ನೋಡಿಕೊಳ್ಳೋದು ಮನುಷ್ಯನ ಕೆಲಸ.

1940ರಲ್ಲಿ ‘ಎ ವೈಲ್ಡ್ ಹೇರ್’ ಬಂತು, ಬಗ್ಸ್ ಬನ್ನಿ ಪೂರ್ತಿ ರೂಪ ಪಡೆದ. ಅವನ ಮಾತಿಗೆ ಬ್ಲಾಂಕ್ ಅವರು ನ್ಯೂಯಾರ್ಕಿನ ಬ್ರೂಕ್ಲಿನ್ ಮತ್ತು ಬ್ರಾಂಕ್ಸ್ ಬೀದಿಗಳ ಧಾಟಿಯನ್ನು ಬೆರೆಸಿದರು. ಕ್ಯಾರೆಟ್ ಕಡಿಯುವ ಸದ್ದಿಗೆ ಬೇರೆ ತರಕಾರಿಗಳನ್ನೂ ಪ್ರಯತ್ನಿಸಿದರಂತೆ, ಯಾವುದೂ ಕ್ಯಾರೆಟ್‌ನ ಹಾಗೆ ಕೇಳಿಸಲಿಲ್ಲ. ಹಾಗಾಗಿ ನಿಜವಾದ ಕ್ಯಾರೆಟ್ಟೇ. ಕಡಿದು, ಬಾಯಲ್ಲಿದ್ದದ್ದನ್ನು ಉಗಿದು, ಮುಂದಿನ ಡೈಲಾಗ್. ಸಿಲ್ವೆಸ್ಟರ್ ಬೆಕ್ಕಿನ ದನಿ ಅವರ ಸ್ವಂತ ದನಿಗೆ ಬಹಳ ಹತ್ತಿರ, ಎಂಜಲು ಹಾರಿಸೋದು ಮಾತ್ರ ಎಕ್ಸ್‌ಟ್ರಾ. ಗಂಟಲಿಗೆ ಅತಿ ಕಷ್ಟ ಕೊಟ್ಟವನು ಯೊಸೆಮಿಟಿ ಸ್ಯಾಮ್. ಅವನು ಮಾತಾಡೋದೇ ಇಲ್ಲ, ಬರೀ ಅರಚೋದು.

ಇಷ್ಟರಲ್ಲೇ ಇನ್ನೊಂದು ಘಟನೆ. ಡಿಸ್ನಿಯವರ ‘ಪಿನೋಕಿಯೋ’ ಚಿತ್ರದಲ್ಲಿ ಗಿಡಿಯನ್ ಅನ್ನೋ ಬೆಕ್ಕಿಗೆ ಬ್ಲಾಂಕ್ ಅವರು ಹದಿನಾರು ದಿನ ದನಿ ರೆಕಾರ್ಡ್ ಮಾಡಿದರು. ಆಮೇಲೆ ಆ ಬೆಕ್ಕು ಮೂಕನಾಗಿದ್ದರೇ ಚೆಂದ ಅಂತ ತೀರ್ಮಾನವಾಯಿತು. ಚಿತ್ರದಲ್ಲಿ ಕೊನೆಗೆ ಉಳಿದದ್ದು ಬಿಕ್ಕಳಿಕೆ ಮಾತ್ರ. ಹದಿನಾರು ದಿನದ ಕೆಲಸ, ಬಿಕ್ಕಳಿಕೆಯಷ್ಟು ಫಲ. ನಮ್ಮ ಲ್ಯಾಬ್ ರೆಕಾರ್ಡ್ ಬರೆಯುವ ಕಷ್ಟಕ್ಕೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಾ?

ರೇಡಿಯೋದಲ್ಲಿ ಜಾಕ್ ಬೆನ್ನಿ ಅನ್ನೋ ಹಾಸ್ಯಗಾರರ ಕಾರ್ಯಕ್ರಮ ಆಗ ಮನೆಮಾತು. ಅಲ್ಲಿ ಬ್ಲಾಂಕ್ ಅವರ ಮೊದಲ ಪಾತ್ರ ಒಂದು ಕರಡಿ, ಬರೀ ಗುರುಗುಟ್ಟೋದು. ಆರು ತಿಂಗಳು ಗುರುಗುಟ್ಟಿದ ಮೇಲೆ, ನನಗೆ ಮಾತಾಡೋಕೂ ಬರುತ್ತೆ ಅಂತ ಅವರು ಬೆನ್ನಿಯವರಿಗೆ ನೆನಪಿಸಬೇಕಾಯಿತಂತೆ. ಮುಂದೆ ಅದೇ ಶೋನಲ್ಲಿ ಗಿಣಿ, ಪಿಟೀಲು ಮೇಷ್ಟ್ರು, ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುವ ಹಳೇ ಮ್ಯಾಕ್ಸ್‌ವೆಲ್ ಕಾರು, ಎಲ್ಲ ಆದರು. ಹೌದು, ಕಾರಿಗೂ ಅವರದೇ ದನಿ.

ಹೆಸರಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟೆಲ್ಲ ಮಾಡಿದರೂ ಥಿಯೇಟರಿನಲ್ಲಿ ಕೂತವರಿಗೆ ಅವರ ಹೆಸರು ಗೊತ್ತಿರಲಿಲ್ಲ. ಚಿತ್ರ ಬರೆದವರ ಹೆಸರು ಬರುತ್ತಿತ್ತು, ಸಂಗೀತದವರ ಹೆಸರು ಬರುತ್ತಿತ್ತು, ದನಿಯವರದು ಇಲ್ಲ. ಬ್ಲಾಂಕ್ ಅವರು ಶ್ಲೆಸಿಂಗರ್ ಹತ್ತಿರ ಹೋಗಿ ಸಂಬಳ ಹೆಚ್ಚಿಸಿ ಅಂತ ಕೇಳಿದರು. ಅವರು ಕೈ ಬಿಗಿ ಮನುಷ್ಯ, ಆಗೋದಿಲ್ಲ ಅಂದರು. ಹಾಗಾದ್ರೆ ತೆರೆಯ ಮೇಲೆ ನನ್ನ ಹೆಸರು ಹಾಕಿ ಅಂತ ಬ್ಲಾಂಕ್ ಕೇಳಿದರು. ಹೆಸರಿಗೆ ದುಡ್ಡು ಖರ್ಚಾಗೋದಿಲ್ಲವಲ್ಲ, ಶ್ಲೆಸಿಂಗರ್ ಒಪ್ಪಿದರು. 1940ರ ದಶಕದ ಮಧ್ಯದ ಹೊತ್ತಿಗೆ ವಾರ್ನರ್ ಕಾರ್ಟೂನುಗಳ ಆರಂಭದಲ್ಲಿ ಮೆಲ್ ಬ್ಲಾಂಕ್ ಅನ್ನೋ ಹೆಸರು ಕಾಣಿಸತೊಡಗಿತು.

ಪರಿಣಾಮ ಏನಾಯ್ತು ನೋಡಿ. ಈ ಎಲ್ಲ ದನಿಗಳೂ ಒಬ್ಬರದೇನಾ ಅಂತ ಜನ ಬೆರಗಾದರು. ರೇಡಿಯೋದವರು ಹುಡುಕಿಕೊಂಡು ಬಂದರು. ಬರಬೇಕಾಗಿದ್ದ ಸಂಬಳಕ್ಕಿಂತ ಹೆಚ್ಚು ಕೆಲಸ ಆ ಹೆಸರಿನಿಂದ ಬಂತು.

ಆದರೆ ಈ ಗೆಲುವಿಗೆ ಒಂದು ನೆರಳೂ ಇದೆ, ಅದನ್ನು ಹೇಳದೇ ಬಿಟ್ಟರೆ ಕಥೆ ಅರ್ಧ. ಆ ಕಾರ್ಟೂನುಗಳಲ್ಲಿ ಬ್ಲಾಂಕ್ ಒಬ್ಬರೇ ದನಿ ಕೊಟ್ಟಿರಲಿಲ್ಲ. ಬಗ್ಸ್‌ನ ಬೆನ್ನು ಹತ್ತುವ ಬೇಟೆಗಾರ ಎಲ್ಮರ್ ಫಡ್‌ಗೆ ದನಿ ಕೊಟ್ಟವರು ಆರ್ಥರ್ ಕ್ಯೂ. ಬ್ರಯಾನ್. ಟ್ವೀಟಿಯ ಅಜ್ಜಿಗೆ ಮೊದಲು ಬೀ ಬೆನಡೆರೆಟ್, ಆಮೇಲೆ ಜೂನ್ ಫೋರೆ. ವರ್ಷಗಟ್ಟಲೆ ತೆರೆಯ ಮೇಲೆ ಬಂದದ್ದು ಬ್ಲಾಂಕ್ ಅವರ ಹೆಸರೊಂದೇ. ನೋಡಿದವರು ಎಲ್ಮರ್ ಕೂಡ ಬ್ಲಾಂಕ್ ಅವರೇ ಅಂದುಕೊಂಡರು. ಒಬ್ಬರಿಗೆ ಹೆಸರು ಸಿಕ್ಕಿದ್ದರಿಂದಲೇ ಉಳಿದವರು ಇನ್ನಷ್ಟು ಮರೆಯಾದರು. ಬ್ಲಾಂಕ್ ಅವರು ಕೇಳಿದ್ದು ತಪ್ಪಲ್ಲ. ಎಲ್ಲರಿಗೂ ಸಲ್ಲಬೇಕಾದ್ದನ್ನು ಸ್ಟುಡಿಯೋ ಒಬ್ಬರಿಗೆ ಕೊಟ್ಟ ಬಹುಮಾನದ ಹಾಗೆ ನೋಡಿತು, ಸಮಸ್ಯೆ ಅಲ್ಲಿದೆ.

ಈಗ ಶಾಲೆಯ ಕಾರಿಡಾರಿನ ನಗುವಿಗೆ ಬರೋಣ. ವಾಲ್ಟರ್ ಲಾಂಟ್ಜ್ ಅವರ ಸ್ಟುಡಿಯೋದಲ್ಲಿ 1940ರಲ್ಲಿ ಹುಟ್ಟಿದ ಮರಕುಟಿಗ ವುಡಿ ವುಡ್‌ಪೆಕರ್. ಮೊದಲ ಕೆಲವು ಚಿತ್ರಗಳಲ್ಲಿ ಅದರ ದನಿ ಬ್ಲಾಂಕ್ ಅವರದು, ನಗು ಅವರ ಶಾಲೆಯ ದಿನಗಳ ನಗು. ಆಮೇಲೆ ಶ್ಲೆಸಿಂಗರ್ ಜೊತೆ ಎಕ್ಸ್‌ಕ್ಲೂಸಿವ್ ಕಾಂಟ್ರಾಕ್ಟ್ ಆಯಿತು, ವುಡಿಯನ್ನು ಬಿಡಬೇಕಾಯಿತು. ಅವರು ಬಿಟ್ಟರು, ನಗು ಮಾತ್ರ ಅಲ್ಲೇ ಉಳಿಯಿತು. ರೆಕಾರ್ಡ್ ಆಗಿದ್ದ ನಗುವನ್ನು ಸ್ಟುಡಿಯೋ ಮತ್ತೆ ಮತ್ತೆ ಬಳಸಿತು. 1948ರಲ್ಲಿ ವುಡಿಯ ಹಾಡು ದೊಡ್ಡ ಹಿಟ್ ಆದಾಗ ಬ್ಲಾಂಕ್ ಅವರು ಕೋರ್ಟಿಗೆ ಹೋದರು. ಅವರು ತಮ್ಮ ದನಿಗೆ ಕಾಪಿರೈಟ್ ಮಾಡಿಸಿರಲಿಲ್ಲ ಅನ್ನೋ ಕಾರಣಕ್ಕೆ ತೀರ್ಪು ಅವರ ವಿರುದ್ಧ ಬಂತು. ಮುಂದೆ ಕೋರ್ಟಿನ ಹೊರಗೆ ರಾಜಿಯಾಯಿತು. ಆದರೆ ಪ್ರಶ್ನೆ ಅಲ್ಲೇ ಉಳಿಯಿತು. ನನ್ನ ಗಂಟಲಿನಿಂದ ಬಂದ ನಗು ಟೇಪಿಗೆ ಇಳಿದ ಮೇಲೆ ಯಾರದು?

ವುಡಿಯ ಕಥೆಗೆ ಇನ್ನೂ ಒಂದು ತಿರುವಿದೆ. ಮುಂದೆ ಅದಕ್ಕೆ ದನಿ ಕೊಟ್ಟವರು ಲಾಂಟ್ಜ್ ಅವರ ಹೆಂಡತಿ ಗ್ರೇಸ್ ಸ್ಟಾಫರ್ಡ್. ಆಡಿಷನ್ ಟೇಪುಗಳ ನಡುವೆ ತಮ್ಮದನ್ನೂ ಹೆಸರಿಲ್ಲದೆ ಸೇರಿಸಿದ್ದರು, ಲಾಂಟ್ಜ್ ಅದನ್ನೇ ಆರಿಸಿದರು. ವುಡಿಗೆ ಹೆಂಗಸಿನ ದನಿ ಅಂತ ಗೊತ್ತಾದರೆ ಮಕ್ಕಳಿಗೆ ಬೇಜಾರಾಗಬಹುದು ಅಂತ ಅವರು ಬಹಳ ವರ್ಷ ತಮ್ಮ ಹೆಸರು ಹಾಕಿಸಿಕೊಳ್ಳಲೇ ಇಲ್ಲ. ಹೆಸರಿಗಾಗಿ ಒಬ್ಬರು ಜಗಳ ಆಡಿದರು, ಇನ್ನೊಬ್ಬರು ಅದೇ ಪಾತ್ರಕ್ಕಾಗಿ ಹೆಸರು ಬಚ್ಚಿಟ್ಟರು.

ಆಸ್ಕರ್ ವಿಷಯದಲ್ಲೂ ಹೀಗೇ. ಕಾರ್ಟೂನಿಗೆ ಬಹುಮಾನ ಬಂದರೆ ಆಗ ಮೂರ್ತಿ ಹೋಗುತ್ತಿದ್ದದ್ದು ನಿರ್ಮಾಪಕರ ಮನೆಗೆ. 1957ರ ‘ಬರ್ಡ್ಸ್ ಅನಾನಿಮಸ್’ ಅಂಥ ಒಂದು ಚಿತ್ರ. ಇನ್ನು ಹಕ್ಕಿ ತಿನ್ನೋದಿಲ್ಲ ಅಂತ ಶಪಥ ಮಾಡಿ ಒದ್ದಾಡುವ ಸಿಲ್ವೆಸ್ಟರ್ ಕಥೆ. ನಿರ್ಮಾಪಕ ಎಡ್ವರ್ಡ್ ಸೆಲ್ಜರ್ ತೀರಿಕೊಂಡ ಮೇಲೆ ಆ ಮೂರ್ತಿ ಬ್ಲಾಂಕ್ ಅವರ ಕೈಸೇರಿತು. ತಡವಾಯ್ತು, ಆದರೂ ಬಂತು.

ಮೊಲ ಉತ್ತರ ಕೊಟ್ಟಿತು

1961ರ ಜನವರಿ 24. ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್ ರಸ್ತೆಯಲ್ಲಿ ಒಂದು ಅಪಾಯಕಾರಿ ತಿರುವು. ಬ್ಲಾಂಕ್ ಅವರ ಕಾರಿಗೆ ಎದುರಿನಿಂದ ಬಂದ ಕಾರು ಅಪ್ಪಳಿಸಿತು. ಎರಡೂ ಕಾಲು ಮುರಿದವು, ಸೊಂಟದ ಮೂಳೆ ಮುರಿಯಿತು, ತಲೆಗೆ ಪೆಟ್ಟು. ಸುಮಾರು ಎರಡು ವಾರ ಪ್ರಜ್ಞೆಯೇ ಇಲ್ಲ. ಹೆಂಡತಿ, ಮಗ ನೋಯಲ್ ಹಾಸಿಗೆ ಪಕ್ಕ ಕೂತು ಹೆಸರು ಹಿಡಿದು ಕರೆಯುತ್ತಲೇ ಇದ್ದರು. ಉತ್ತರ ಬರಲಿಲ್ಲ.

ಆಗ ಡಾಕ್ಟರೊಬ್ಬರಿಗೆ ಏನು ಹೊಳೆಯಿತೋ, ಮೆಲ್ ಅಂತ ಕರೆಯುವ ಬದಲು ಬಗ್ಸ್ ಬನ್ನಿ ಅಂತ ಕರೆದು, ಇವತ್ತು ಹೇಗಿದ್ದೀಯ ಅಂತ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಸಿಗೆಯಿಂದ ಬಹಳ ಕ್ಷೀಣವಾಗಿ ಉತ್ತರ ಬಂತು, ಬಗ್ಸ್ ದನಿಯಲ್ಲಿ. ಟ್ವೀಟಿಯನ್ನು ಕರೆದರು, ಟ್ವೀಟಿಯೂ ಓಗೊಟ್ಟಿತು. ಮಗ ನೋಯಲ್ ಮುಂದೆ ಈ ಘಟನೆಯನ್ನು ಹಲವು ಸಲ ಹೇಳಿದ್ದಾರೆ.

ಇದಕ್ಕೆ ನರವಿಜ್ಞಾನದವರು ಬೇರೆ ವಿವರಣೆ ಕೊಡಬಹುದು. ನಮಗೆ ಕಾಣೋದು ಇಷ್ಟು. ಇಪ್ಪತ್ತು ವರ್ಷ ಅವರು ಆ ಮೊಲಕ್ಕೆ ಉಸಿರು ಕೊಟ್ಟಿದ್ದರು. ಸ್ವಂತ ಹೆಸರಿಗೆ ತೆರೆಯದ ಬಾಗಿಲು ಆ ಮೊಲದ ಹೆಸರಿಗೆ ತೆರೆಯಿತು. ದನಿ ಕೊಡೋದು ಅಂದ್ರೆ ಬಾಯಿಯ ತುದಿಯಲ್ಲಿ ಮಾಡುವ ಮಿಮಿಕ್ರಿ ಅಲ್ಲ, ಮನುಷ್ಯನ ಆಳದಲ್ಲಿ ಎಲ್ಲೋ ಹೋಗಿ ಕೂರುವ ಸಂಗತಿ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾರ್ಚ್‌ನಲ್ಲಿ ಮನೆಗೆ ಬಂದರು, ಮೈತುಂಬ ಪ್ಲಾಸ್ಟರ್. ಹಿಂದಿನ ವರ್ಷವಷ್ಟೇ ಶುರುವಾಗಿದ್ದ ‘ಫ್ಲಿಂಟ್‌ಸ್ಟೋನ್ಸ್’ನಲ್ಲಿ ಬಾರ್ನಿ ಪಾತ್ರ ಅವರದು. ಕೆಲವು ಕಂತುಗಳಿಗೆ ಡಾಸ್ ಬಟ್ಲರ್ ಅವರು ಆ ಜಾಗ ತುಂಬಿದರು. ಆಮೇಲೆ ಸ್ಟುಡಿಯೋವೇ ಮನೆಗೆ ಬಂತು. ಮಲಗುವ ಕೋಣೆಗೆ ಕೇಬಲ್ ಎಳೆದು, ಮಲಗಿದವರ ಬಾಯಿಯ ಮೇಲೆ ಮೈಕ್ ತೂಗುಹಾಕಿ, ಉಳಿದ ಕಲಾವಿದರು ಹಾಸಿಗೆ ಸುತ್ತ ನಿಂತು ರೆಕಾರ್ಡಿಂಗ್ ನಡೆಸಿದರು. ಟಿವಿ ಮುಂದೆ ಕೂತು ನಗುತ್ತಿದ್ದ ಮಕ್ಕಳಿಗೆ ಬಾರ್ನಿ ಅಲುಗಾಡಲೂ ಆಗದೆ ಅಂಗಾತ ಮಲಗಿದ್ದಾನೆ ಅಂತ ತಿಳಿಯಲೇ ಇಲ್ಲ.

ಗೇಮ್‌ಗಳ ಕಾಲ

1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ನಲ್ಲಿ ಬಗ್ಸ್, ಡ್ಯಾಫಿ, ಪೋರ್ಕಿ, ಟ್ವೀಟಿ, ಸಿಲ್ವೆಸ್ಟರ್ ಎಲ್ಲರಿಗೂ ಅವರೇ ದನಿ ಕೊಟ್ಟರು. ಯೊಸೆಮಿಟಿ ಸ್ಯಾಮ್ ಮಾತ್ರ ಆ ವಯಸ್ಸಿನ ಗಂಟಲಿಗೆ ಆಗಲಿಲ್ಲ, ಅದನ್ನು ಜೋ ಅಲಾಸ್ಕಿ ಮಾಡಿದರು. ಚಿಕ್ಕಂದಿನಿಂದ ಸೇದಿದ ಸಿಗರೇಟು ಶ್ವಾಸಕೋಶವನ್ನು ತಿಂದುಹಾಕಿತ್ತು. 1989ರ ಜುಲೈ 10ರಂದು ಬ್ಲಾಂಕ್ ಅವರು ತೀರಿಕೊಂಡರು, 81 ವರ್ಷ. ಹಾಲಿವುಡ್‌ನ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಕಾರ್ಟೂನಿನ ಕೊನೆಯಲ್ಲಿ ಪೋರ್ಕಿ ಹೇಳುವ ಮುಕ್ತಾಯದ ಮಾತಿದೆ. ಅದರ ಕೆಳಗೆ ಹೆಸರು, ‘ಸಿ’ ಅಕ್ಷರದೊಂದಿಗೆ.

ಅವರು ಹೋದ ಹೊತ್ತಿಗೆ ಗೇಮ್‌ಗಳು ಹೆಚ್ಚುಕಡಿಮೆ ಮೂಕವಾಗಿದ್ದವು. ಕಾರಣ ಮೆಮೊರಿ. ಸೆಕೆಂಡಿಗೆ 8,000 ಸ್ಯಾಂಪಲ್, ಸ್ಯಾಂಪಲ್‌ಗೆ ಒಂದು ಬೈಟ್ ಅಂದರೆ, ಟೆಲಿಫೋನ್ ಮಟ್ಟದ ಒಂದು ಸೆಕೆಂಡ್ ಮಾತಿಗೆ 8,000 ಬೈಟ್ ಬೇಕು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಗೇಮ್ ಇದ್ದದ್ದು 40 ಕಿಲೋಬೈಟ್. ಅಂದ್ರೆ ಬರೀ ಐದು ಸೆಕೆಂಡ್ ಮಾತಿನ ಜಾಗದಲ್ಲಿ ಮಾರಿಯೋನ ಇಡೀ ಪ್ರಪಂಚ! 1990ರ ದಶಕದಲ್ಲಿ ಗೇಮ್‌ಗಳು ಸಿಡಿಗೆ ಬಂದವು. 650 ಮೆಗಾಬೈಟ್‌ನಲ್ಲಿ ಅದೇ ಮಟ್ಟದ ಮಾತು ಇಪ್ಪತ್ತೆರಡು ಗಂಟೆ ಹಿಡಿಸುತ್ತೆ. ಆಗ ಮೊಲಕ್ಕೆ ಗೇಮ್‌ನಲ್ಲೂ ಬಾಯಿ ಬಂತು. 1999ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಬಗ್ಸ್ ಬನ್ನಿ: ಲಾಸ್ಟ್ ಇನ್ ಟೈಮ್’ನಲ್ಲಿ ಬಗ್ಸ್‌ಗೆ ದನಿ ಬಿಲ್ಲಿ ವೆಸ್ಟ್ ಅವರದು. ಇತ್ತೀಚಿನ ಗೇಮ್‌ಗಳಲ್ಲಿ ಎರಿಕ್ ಬೌಜಾ ಆ ಕೆಲಸ ಮಾಡ್ತಿದ್ದಾರೆ. ಒಬ್ಬರ ಗಂಟಲಿನಲ್ಲಿದ್ದ ಊರನ್ನು ಈಗ ಹಲವರು ಹಂಚಿಕೊಂಡು ಕಾಯ್ತಿದ್ದಾರೆ.

ಗೇಮ್‌ನ ಕೆಲಸ ಕಾರ್ಟೂನಿಗಿಂತ ಬೇರೆ ಥರ ಕಷ್ಟ. ಕಥೆ ಒಂದೇ ದಾರಿಯಲ್ಲಿ ಹೋಗೋದಿಲ್ಲ. ಆಟಗಾರ ಯಾವ ಬಟನ್ ಒತ್ತುತ್ತಾನೋ ಗೊತ್ತಿಲ್ಲ, ಹಾಗಾಗಿ ಒಂದೊಂದು ಮಾತೂ ಬೇರೆ ಬೇರೆ ಫೈಲ್. ನೆಗೆಯುವ ಸದ್ದು ಒಂದೇ ಇದ್ದರೆ ಹತ್ತು ನಿಮಿಷಕ್ಕೆ ತಲೆ ಚಿಟ್ಟು ಹಿಡಿಯುತ್ತೆ, ಆದ್ದರಿಂದ ಅದನ್ನೇ ಹತ್ತು ಥರ. ಎದುರಿಗೆ ಮಾತಾಡಲು ಜೊತೆಗಾರ ಇಲ್ಲ, ನೋಡಲು ಚಿತ್ರ ಇಲ್ಲ. ಬೀಳೋದು, ಸುಡೋದು, ಮುಳುಗೋದು, ಅರಚೋದು, ಗಂಟೆಗಟ್ಟಲೆ. 2016ರಲ್ಲಿ ಅಮೆರಿಕದ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ ಗಂಟಲಿಗೆ ಆಗುವ ಹಾನಿಯೂ ಒಂದು ವಿಷಯವಾಗಿತ್ತು. 2024ರ ಜುಲೈನಲ್ಲಿ ಅದೇ ಸಂಘ ಮತ್ತೆ ಮುಷ್ಕರ ಹೂಡಿತು. ಈ ಸಲದ ಮುಖ್ಯ ವಿಷಯ ಎಐ. ಸುಮಾರು ಒಂದು ವರ್ಷ ನಡೆದು, ದನಿಯ ನಕಲು ಮಾಡಲು ಕಲಾವಿದರ ಒಪ್ಪಿಗೆ ಬೇಕು ಅನ್ನೋ ಷರತ್ತು ಒಪ್ಪಂದದಲ್ಲಿ ಬಂದ ಮೇಲೆ ಮುಗಿಯಿತು.

ನೋಡಿ, 1948ರ ಕೋರ್ಟಿನಲ್ಲಿ ಕೇಳಿದ್ದ ಪ್ರಶ್ನೆಯೇ ಇದು. ಆಗ ಟೇಪಿನಲ್ಲಿದ್ದದ್ದು ಒಂದು ನಗು. ಈಗ ಸ್ವಲ್ಪ ಆಡಿಯೋ ಇದ್ದರೆ ಸಾಕು, ಆ ಮನುಷ್ಯ ಎಂದೂ ಆಡದ ಮಾತನ್ನೂ ಅವನ ದನಿಯಲ್ಲೇ ಆಡಿಸಬಹುದು. ಆ ಮಾಡೆಲ್ ಟ್ರೇನ್ ಮಾಡೋರು ಯಾರು? ಇನ್ನು ಮೂರು ವರ್ಷಕ್ಕೆ ನಾವೇ. ಹಾಗಾಗಿ ಈ ಕಥೆ ದೂರದ ಹಾಲಿವುಡ್‌ನದು ಅಂತ ಪಕ್ಕಕ್ಕೆ ಇಡೋಕಾಗಲ್ಲ.

ನಾವು ಇವತ್ತೇ ಮಾಡಬಹುದಾದ ಕೆಲಸ ಸಣ್ಣದು. ಗೇಮ್ ಜಾಮ್‌ಗೆ ಗೇಮ್ ಮಾಡುವಾಗ ಬ್ರಾಂಚ್‌ಮೇಟ್ ಹತ್ತಿರ ಎರಡು ಡೈಲಾಗ್ ಹೇಳಿಸಿಕೊಳ್ತೀವಿ, ಜೂನಿಯರ್ ಹತ್ತಿರ ಒಂದು ಕೂಗು ಹಾಕಿಸಿಕೊಳ್ತೀವಿ. ಕೋಡ್ ಬರೆದ ನಾಲ್ಕು ಜನರ ಹೆಸರು ದೊಡ್ಡದಾಗಿ ಬರುತ್ತೆ. ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸೋಣ. ದನಿ ಅಂತ ಬರೆದು, ಮುಂದೆ ಅವರ ಹೆಸರು. ಒಬ್ಬರದಲ್ಲ, ಕೂಗು ಹಾಕಿದವರನ್ನೂ ಸೇರಿಸಿ ಎಲ್ಲರದೂ. ಸ್ಪೆಲಿಂಗ್ ಅವರನ್ನೇ ಕೇಳಿ ಬರೆಯೋಣ. ಒಂದು ಅಕ್ಷರಕ್ಕೂ ಬೆಲೆ ಇರುತ್ತೆ.